ಕಡತ, ತೆರೆ, ಉಳಿಸು

ಪರದೆಯ ಬಲಮೂಲೆಯಲ್ಲಿ ಎರಡು ವರ್ಷ ಬರೆದೇ ಇತ್ತು,
ನಿಮ್ಮ ಪ್ರತಿ ಅಸಲಿಯಲ್ಲ, ಎಂದು ಇಂಗ್ಲಿಷಿನಲ್ಲಿ.
ತಕ್ಕಡಿ ಹಿಡಿದಾಗ ಬೆನ್ನ ಹಿಂದೆ
ಸುಮ್ಮನೆ ಬಂದು ನಿಲ್ಲುವ ತನಿಖೆಯವನ ಹಾಗೆ.
ಅದರ ಮೇಲೊಂದು ಬಿಂದಿ ಅಂಟಿಸಿದ್ದೆ.
ಅಕ್ಷರಗಳು ಆಚೀಚೆ ಇಣುಕುತ್ತಲೇ ಇದ್ದವು.

ಬೈತಖೋಲದ ನಮ್ಮನೆಯಲ್ಲಿ ಕಂಪ್ಯೂಟರು
ಹೊಲಿಗೆ ಮಷೀನಿನ ಮೇಜಿನ ಮೇಲೆ.
ಅದರೊಳಗೆ ಒಣಮೀನು ಸಂಘದ ಹದಿನಾಲ್ಕು ಹೆಂಗಸರು:
ಯಾರು ಎಷ್ಟು ಶೆಟ್ಲಿ ಒಣಗಿಸಿದರು, ಯಾರದು ಮಳೆಗೆ ಹೋಯಿತು,
ಯಾರ ಕಂತು ಬಾಕಿ.
ನಾನು ಓದಿದ್ದು ಏಳನೆತ್ತೆ. ಲೆಕ್ಕ ಮಾತ್ರ ನನ್ನದೇ.

ಬ್ಯಾಂಕಿನವರು ಬರುವ ಮುನ್ನಾದಿನ
ಪರದೆ ಕಪ್ಪಾಯಿತು,
ಮಾಣಕಿ ಮೀನು ಮಸಿ ಉಗುಳಿದ ಹಾಗೆ.
ಕಾಜುಬಾಗದ ಅಂಗಡಿಯವ ಹೇಳಿದ:
ಅಸಲಿ ಹಾಕಿಸಿ, ಎಲ್ಲ ಸೇರಿ ಹನ್ನೊಂದು ಸಾವಿರ.
ಫೋನು ಇಟ್ಟು ಬೆರಳಲ್ಲಿ ಎಣಿಸಿದೆ,
ಎಷ್ಟು ಬುಟ್ಟಿ ಶೆಟ್ಲಿ, ಎಷ್ಟು ದಿನದ ಬಿಸಿಲು.

ಆಗ ಕಾಯ್ತಾನ್ ಮಾಮ ಬಂದ,
ಟ್ರಾಲರುಗಳ ವೈರ್‌ಲೆಸ್ ರಿಪೇರಿ ಮಾಡಿ ಕಣ್ಣು ಸಣ್ಣಗಾದವನು.
ಶೀತದ ಗುಳಿಗೆಯ ಡಬ್ಬಿಯಿಂದ ಪೆನ್ ಡ್ರೈವ್ ತೆಗೆದ.
ಕದ್ದದ್ದಾ ಮಾಮ, ಎಂದೆ.
ಇಷ್ಟು ದಿನ ಇದ್ದದ್ದು ಕದ್ದದ್ದು, ನಿನಗೆ ಯಾರೂ ಹೇಳಿರಲಿಲ್ಲ.
ಇದು ಹಂಚಿದ್ದು.

ಬಲೆಯ ಹರಕು ಹೊಲಿಯುತ್ತ ಅತ್ತೆ ಕೇಳಿದಳು:
ಮಾಲಕ ಯಾರು?
ಒಬ್ಬ ಅಂತ ಇಲ್ಲ. ತುಂಬ ಜನ. ಎಲ್ಲೆಲ್ಲಿಯವರೋ.
ಹಂಗಾದ್ರೆ ರಂಪಣಿ, ಎಂದಳು ಅತ್ತೆ, ಸೂಜಿ ನಿಲ್ಲಿಸದೆ.
ಹಗ್ಗಕ್ಕೆ ಕೈ ಹಾಕಿದವರಿಗೆಲ್ಲ ಪಾಲು,
ಹಾಕಲಾಗದ ಮುದುಕಿಗೂ ಒಂದು ಬುಟ್ಟಿ.
ಆಮೇಲೆ ಪರ್ಸೀನ್ ಬೋಟು ಬಂತು.
ಮುಂದಿನದನ್ನು ಹೇಳದೆ
ಎದ್ದು ಹೋಗಿ ಎಲೆಯಡಿಕೆ ಉಗುಳಿ ಬಂದಳು.

ಎಷ್ಟು ಕೊಡಲಿ ಮಾಮ?
ಸಾಮಾನಿಗೆ ದುಡ್ಡಿಲ್ಲ.
ನಿಮ್ಮನೆಯ ನಲವತ್ತು ಮೆಟ್ಟಿಲಿಗೆ, ನನ್ನ ಮೊಣಕಾಲಿಗೆ
ಇನ್ನೂರು ಕೊಡು.

ಎಲ್ಲ ಸುಸೂತ್ರ ಎಂದರೆ ಸುಳ್ಳಾದೀತು.
ಪ್ರಿಂಟರು ಎರಡು ದಿನ ಮುಖ ತಿರುಗಿಸಿತು.
ಬ್ಯಾಂಕಿನವರಿಗೆ ಲೆಕ್ಕದ ಬದಲು ಚಹಾ ಕೊಟ್ಟೆ.
ಹಳೆಯ ನುಡಿಯಲ್ಲಿ ಬರೆದಿಟ್ಟ ಹೆಸರುಗಳೆಲ್ಲ
ಇಂಗ್ಲಿಷ್ ಅಕ್ಷರಕ್ಕೆ ಕೊಂಬು ಮೂಡಿ, ಬಾಲ ಬೆಳೆದು
ಯಾವ ಭಾಷೆಯೂ ಅಲ್ಲದ್ದಾಗಿ ನಿಂತಿದ್ದವು.
ಪಾಲಿಟೆಕ್ನಿಕ್ಕಿನ ಮೃಣಾಲಿ ತಾಂಡೇಲ
ಸಂಜೆ ಸಂಜೆ ಬಂದು ಒಂದೊಂದನ್ನೇ ತಿರುಗಿಸಿದಳು.
ಮೊದಲು ಮರಳಿದ್ದು ರುಕ್ಮಾ ಹರಿಕಂತ್ರ, ಒತ್ತಕ್ಷರ ಸಮೇತ.
ಇಂದಿರೆಯ ಹೆಸರಲ್ಲಿ ಸೊನ್ನೆ ಬಿದ್ದುಹೋಗಿತ್ತು.
ಸಾಲದಲ್ಲಿ ಬಿದ್ದಿದ್ದರೆ ಚಲೋ ಆಗ್ತಿತ್ತು, ಎಂದಳು ಅವಳು.

ಈಗ ಮೇಲೆ ಸಾಲಾಗಿ ಕನ್ನಡ: ಕಡತ. ತೆರೆ. ಉಳಿಸು.
ಕಡತ ಕಚೇರಿಯ ಮಾತು, ಅದಕ್ಕೆ ಧೂಳಿನ ವಾಸನೆ.
ತೆರೆ ನೋಡಿ ನಗು ಬಂತು,
ಧಕ್ಕೆಯ ಕಲ್ಲಿಗೆ ಇಡೀ ದಿನ ಬಡಿಯುವುದೂ ಅದೇ.
ಯಾರೋ ರಾತ್ರಿ ಊಟ ಮುಗಿಸಿ ಕೂತು
ಅಕ್ಕಿಯಲ್ಲಿ ಕಲ್ಲು ಆರಿಸಿದ ಹಾಗೆ
ಒಂದೊಂದೇ ಮಾತು ಆರಿಸಿಟ್ಟಿದ್ದಾರೆ,
ಸಂಬಳವಿಲ್ಲದೆ, ನನ್ನ ಮುಖ ಕಾಣದೆ,
ನನ್ನ ಮನೆಮಾತು ಕೊಂಕಣಿ ಎಂದೂ ತಿಳಿಯದೆ.

ಒಂದು ಕಡೆ ಹುಡಕು ಎಂದಿತ್ತು. ಡಕಾರಕ್ಕೆ ಕೊಂಬಿಲ್ಲ.
ಬರೆದವರು ಘಟ್ಟದ ಮೇಲಿನವರಿರಬೇಕು,
ಹುಬ್ಬಳ್ಳಿ ಬಸ್ಸಿನ ಕಂಡಕ್ಟರನ ಮಾತು ಕೇಳಿದಂತಾಯಿತು.
ಮಾಮನಿಗೆ ಹೇಳಿದೆ.
ನೀನೇ ತಿದ್ದಿ ಕಳಿಸು, ಎಂದ, ಚಹಾಕ್ಕೆ ಬಿಸ್ಕೀಟು ಅದ್ದುತ್ತ.
ನಾನಾ?
ಮತ್ತೆ ಯಾರು?

ಕಳಿಸಿದೆ, ಮೃಣಾಲಿಯನ್ನು ಪಕ್ಕಕ್ಕೆ ಕೂರಿಸಿಕೊಂಡು.
ಒಂದೇ ಒಂದು ಕೊಂಬು.
ಉತ್ತರ ಇನ್ನೂ ಬಂದಿಲ್ಲ.

ಬಿಂದಿ ಅಲ್ಲೇ ಇದೆ, ಮೂಲೆಯಲ್ಲಿ.
ಅದರಡಿ ಈಗ ಗಡಿಯಾರ.
ಗಂಟೆ ಎಷ್ಟಾಯಿತೆಂದು
ಅತ್ತೆಯನ್ನೇ ಕೇಳಬೇಕು.