ನಾಲ್ಕು ಥೌ

ಡಿಪ್‌ಸ್ಟಿಕ್ ಎಳೆದರೆ ಕಾಫಿ.
ಹಾಲು ಜಾಸ್ತಿಯಾಗಿ, ಆರಿ, ಕೆನೆಗಟ್ಟಿದ ಕಾಫಿ.
ಆಗಲೇ ಗೊತ್ತಾಗಬೇಕಿತ್ತು. ಆದರೂ ಮೂರು ಭಾನುವಾರ
ಕಾರ್ಬ್ಯುರೇಟರಿನದೇ ತಪ್ಪೆಂದು ಅದನ್ನೇ ಬಿಚ್ಚಿ ತೊಳೆದೆ.
ಕೈಗೆ ಸುಲಭವಾಗಿ ಸಿಗುವುದು ಅದು;
ಬೈಸಿಕೊಳ್ಳುವುದೂ ಯಾವಾಗಲೂ ಕೈಗೆ ಸಿಕ್ಕವರೇ.

ಬೆಳಿಗ್ಗೆ ಸ್ಟಾರ್ಟ್ ಮಾಡಿದರೆ ಬಿಳಿ ಹೊಗೆ
ಲಿಂಗರಾಜಪುರದ ನಮ್ಮ ಅಡ್ಡರಸ್ತೆ ದಾಟಿ
ಫಿಲೋಮಿನಾ ಆಂಟಿ ಒಣಹಾಕಿದ ಬೆಡ್‌ಶೀಟಿನವರೆಗೆ.
ಗೇಟಿನ ಆಚೆಯಿಂದಲೇ ಮೂಸಿ ಅಂದರು:
"ಸಿಹಿ ಇದೆಯಲ್ಲೋ, ಕೆಮ್ಮಿನ ಔಷಧಿ ಹಾಗೆ.
ನೀರು ಒಳಗೆ ಹೋಗ್ತಿದೆ."
ಮೂವತ್ತು ವರ್ಷ ಬೌರಿಂಗ್ ಆಸ್ಪತ್ರೆಯಲ್ಲಿ ನರ್ಸು.
ವಾಸನೆಯಲ್ಲಿ ಅವರು ತಪ್ಪುವುದಿಲ್ಲ.

ಪ್ಲಗ್ಗು ಬಿಚ್ಚಿ ಗೇಜು ಕೂರಿಸಿ, ಕೀಲಿ ತಿರುವು ಅಂದೆ ವಿಶಾಲುಗೆ.
ಒಂದು: ನೂರಿಪ್ಪತ್ತು.
ಎರಡು: ಐವತ್ತೈದು.
ಮೂರು: ಐವತ್ತು.
ನಾಲ್ಕು: ನೂರ ಹದಿನೈದು.
ಅಕ್ಕಪಕ್ಕದ ಎರಡು ಮನೆ ಒಟ್ಟಿಗೆ ಸೊರಗಿದರೆ
ನಡುಗೋಡೆ ಹೋಗಿದೆಯೆಂದೇ ಅರ್ಥ.

ಹೆಡ್ಡು ಇಳಿಸಿದ ದಿನ ಇಡ್ಲಿ ತಟ್ಟೆ ಕೇಳಿದೆ.
ಎಂಟು ವಾಲ್ವು, ಎಂಟು ಗುಳಿ.
ಎಲ್ಲಿಂದ ಬಂತೋ ಅಲ್ಲಿಗೇ ಹೋಗಬೇಕು;
ಒಂದರ ಜಾಗದಲ್ಲಿ ಇನ್ನೊಂದು ಹೊಂದುವುದಿಲ್ಲ.
ಎರಡು ತಟ್ಟೆ ಕೊಟ್ಟಳು.
"ಇವು ಇನ್ನು ಅಡುಗೆಮನೆಗೆ ಬರೋದು ಬೇಡ."

ಉಕ್ಕಿನ ಸ್ಕೇಲು ಅಡ್ಡ ಇಟ್ಟು ಫೀಲರ್ ತೂರಿಸಿದೆ.
ಎರಡು ಥೌ ಹೋಯಿತು. ಮೂರು ಹೋಯಿತು.
ನಾಲ್ಕು, ಒಲ್ಲದ ಮನಸ್ಸಿನಿಂದ, ಹೋಯಿತು.
ಐದು ಹೋಗಲಿಲ್ಲ.
ಒಂದು ತಲೆಗೂದಲಿನಷ್ಟು ಬಗ್ಗಿದೆ,
ಅಷ್ಟಕ್ಕೆ ಇಷ್ಟು ಹೊಗೆ.

ಜೆ.ಸಿ. ರಸ್ತೆಯಲ್ಲಿ ಈಗ ಸೀಟ್ ಕವರು, ಸೆಂಟು, ಬಣ್ಣದ ಲೈಟು.
"ಪದ್ಮಿನೀನಾ?" ಅಂದ ಒಬ್ಬ ಹುಡುಗ,
ನನ್ನ ಕಾಲೇಜು ದಿನಗಳ ಗುಟ್ಟು ಸಿಕ್ಕವನಂತೆ ನಕ್ಕ.
ಏಳನೆಯ ಅಂಗಡಿಯಲ್ಲಿ ಇಲಿಯಾಸ್ ಸಾಬರು ಏಣಿ ಹತ್ತಿ
ಸೂರಿನಡಿಯ ಮೊಳೆಯಿಂದ ಒಂದನ್ನು ಇಳಿಸಿದರು.
ತಾಮ್ರದಂಚಿನ ನಾಲ್ಕು ದೊಡ್ಡ ಕಣ್ಣು, ಸುತ್ತ ಸಣ್ಣ ತೂತು.
ಊದಿ, ಧೂಳು ಹಾರಿಸಿ, ಬೆಳಕಿಗೆ ಹಿಡಿದರು:
"ಕೊನೇದು. ಬಗ್ಗಿತೋ, ಮುಗೀತು."
ಬೆಲೆ ಹೇಳುವಾಗ ಮಾತ್ರ ಆಚೆ ನೋಡಿದರು.
ಬಸ್ಸಿನಲ್ಲಿ ಅದನ್ನು ಎಕ್ಸ್‌ರೇ ಹಾಗೆ ಎದೆಗೆ ಹಿಡಿದು ನಿಂತೆ.
ಯಾರೋ ಕನಿಕರದಿಂದ ಸೀಟು ಬಿಟ್ಟುಕೊಟ್ಟರು.

ಟ್ಯಾಪೆಟ್ ಕವರಿಗೆ ಕಾರ್ಕು ಸಿಕ್ಕಿತು, ಸಂಪಿಗೂ ಸಿಕ್ಕಿತು.
ಥರ್ಮೋಸ್ಟ್ಯಾಟಿನದು ಮಾತ್ರ ಎಲ್ಲೂ ಇಲ್ಲ.
ಅಳತೆಗಾದರೂ ಇರಲೆಂದು ಹಳೆಯದನ್ನು ಬ್ಲೇಡಿನಿಂದ ಎಬ್ಬಿಸಿದೆ.

ಗ್ಯಾಸ್ಕೆಟ್ಟಲ್ಲ. ಲಗ್ನಪತ್ರಿಕೆ.
ಯಾವನೋ ಮೇಸ್ತ್ರಿ ಕತ್ತರಿಸಿ ಕೂರಿಸಿದ್ದು;
ಬೆಂದು ಬೆಂದು ಚರ್ಮದಂತಾದ ರಟ್ಟು,
ಬೋಲ್ಟಿನ ತೂತಿನ ಪಕ್ಕ ಕೆಂಪು ಅಕ್ಷರ:
ನಮ್ಮ ದ್ವಿತೀಯ ಪುತ್ರಿ ಚಿ.ಸೌ. ಇಂದುಮ
ವರನ ಹೆಸರಿರಬೇಕಾದಲ್ಲಿ ನೀರು ಹರಿಯುವ ದಾರಿ.

ಇಂದುಮತಿಯೋ ಇಂದುಮಣಿಯೋ,
ಮದುವೆ ಹೇಗೆ ನಡೆಯಿತೋ ನನಗೆ ಗೊತ್ತಿಲ್ಲ.
ಇಲ್ಲಿಯಂತೂ ಸೋರಿಲ್ಲ.

ವಿಶಾಲು ಬೀರುವಿನ ಮೇಲಿಂದ ನಮ್ಮದೇ ಕಟ್ಟು ಇಳಿಸಿದಳು,
ಹಂಚದೆ ಉಳಿದದ್ದು. "ಮೂವತ್ತೊಂದು ವರ್ಷ
ಧೂಳು ಹೊಡೆದಿದೀನಿ. ತಗೋ, ದಪ್ಪ ಇದೆ."
ಹೌಸಿಂಗಿನ ಬಾಯಿಗೆ ಪತ್ರಿಕೆ ಹೊದಿಸಿ
ಉಂಡೆ ತಲೆಯ ಸುತ್ತಿಗೆಯಿಂದ ಅಂಚಿನ ಮೇಲೆ
ಟಕ್ ಟಕ್ ಎಂದು ಮೆಲ್ಲಗೆ ಬಡಿಯುತ್ತ ಹೋದೆ.
ಕತ್ತರಿ ಬೇಕಾಗುವುದಿಲ್ಲ; ಕಬ್ಬಿಣವೇ ತನ್ನ ಆಕಾರ ಕೇಳಿ ಪಡೆಯುತ್ತದೆ.
ನನ್ನ ಹೆಸರು ಪೂರ್ತಿ ಉದುರಿತು.
ಅವಳದು ಉಳಿಯಿತು, ಛತ್ರದ ವಿಳಾಸದ ಸಮೇತ.
ಗ್ರೀಸು ಸವರಿ ಎತ್ತಿಟ್ಟಿದ್ದೇನೆ.

ಹೆಡ್ಡು ಇನ್ನೂ ಪೀಣ್ಯದಲ್ಲಿದೆ, ಉಜ್ಜಿ ಸಮ ಮಾಡಲಿಕ್ಕೆ.
ಗುರುವಾರ ಬನ್ನಿ ಅಂದಿದ್ದಾನೆ ಲೇತ್‌ನ ಪೌಲ್‌ರಾಜ್.
ಯಾವ ಗುರುವಾರ ಅಂದಿಲ್ಲ.