ಕಂಟ್ರೋಲ್ ಗುಂಪು

ಹೊರಗೆ ಬಳ್ಳಾರಿ ನಲವತ್ತಮೂರು ಡಿಗ್ರಿ.
ಕೋಟೆ ಗುಡ್ಡದ ಬಂಡೆ ಮುಟ್ಟಿದರೆ ಚುರ್ರೆನ್ನುತ್ತದೆ.
ಒಳಗೆ ಇಪ್ಪತ್ನಾಲ್ಕು. ಇಲಿಗಳಿಗೆ ಅಷ್ಟೇ ಇರಬೇಕಂತೆ, ರೂಲು.
ನನಗೂ ಬಿಟ್ಟಿ ಸಿಗುತ್ತದೆ ಆ ತಂಪು,
ಭತ್ತದ ಹೊಟ್ಟಿನ, ಉಚ್ಚೆಯ ವಾಸನೆಯ ಜೊತೆಗೆ.

ಬೀಗ ತೆಗೆಯುವುದು, ಹೊಟ್ಟು ಬದಲಿಸುವುದು,
ಬಾಲ ಹಿಡಿದು ತಕ್ಕಡಿಗೆ ಇಳಿಸುವುದು ನನ್ನ ಕೆಲಸ.
ಮುಂದಿನದು ತಬಸ್ಸುಮ್ ಮೇಡಂದು.
ಬಿಳಿ ಮೈಗೆ ಹಳದಿ ಗುರುತು ಹಾಕುತ್ತಾರೆ,
ಒಂದಕ್ಕೆ ತಲೆ, ಒಂದಕ್ಕೆ ಬೆನ್ನು, ಒಂದಕ್ಕೆ ಬಾಲ.
ಅರಿಶಿಣ ಶಾಸ್ತ್ರ ಅಂದೆ ನಾನು ಮೊದಲ ದಿನ.
ಅವರು ನಗಲಿಲ್ಲ.

ಒಂದು ಗುಂಪಿಗೆ ಹಳೆಯ ಗುಳಿಗೆಯ ಪುಡಿ,
ಒಂದಕ್ಕೆ ಉತ್ತರಾಣಿ ಬೇರಿನ ಸಾರ,
ಒಂದಕ್ಕೆ ಬರೀ ನೀರು.
'ನೀರಿನವು ಯಾಕ್ರಿ ಮೇಡಂ?'
'ಏನೂ ಕೊಡದಿದ್ರ ಏನಾಗತೈತಿ ಅಂತ ಗೊತ್ತಾಗಬೇಕಲ್ಲ, ಗಾದಿಲಿಂಗ.'

ತಾಸು ಬಿಟ್ಟು
ಕಿವಿಗೆ ಎರಡು ಕ್ಲಿಪ್ಪು. ಒಂದು ಗುಂಡಿ.
ಕಣ್ಣು ಮಿಟುಕಿಸುವಷ್ಟರಲ್ಲಿ ಕರೆಂಟು ಬಂದು ಹೋಗಿರುತ್ತದೆ.
ಉಳಿದದ್ದು ಇಲಿಯದು.
ಹಿಂಗಾಲು ಸೆಟೆದು ನೇರ ಹಿಂದಕ್ಕೆ ಚಾಚುತ್ತವೆ,
ಯಾರೋ ಎರಡೂ ಕಡೆಯಿಂದ ಜಗ್ಗಿದ ಹಾಗೆ.
ಮೇಡಂ ಹೇಳುತ್ತಾರೆ, ನಾನು ಬರೆಯುತ್ತೇನೆ:
ಹನ್ನೊಂದು ಸೆಕೆಂಡು. ಹದಿನಾಲ್ಕು. ಹದಿಮೂರು.
ಆಮೇಲೆ ನಡುಕ, ಆಮೇಲೆ ಮಂಕು,
ಆಮೇಲೆ ಎದ್ದು ಕೂತು
ಮೀಸೆ ಒರೆಸಿಕೊಳ್ಳುತ್ತದೆ. ಕೆಲವು ಏಳುವುದಿಲ್ಲ.
ಅದಕ್ಕೂ ಒಂದು ಕಾಲಂ ಇದೆ.

ಅಕ್ಕ ಸುಂಕಮ್ಮ ಜೀನ್ಸ್ ಹೊಲಿಯುತ್ತಿದ್ದಳು
ಕೌಲ್‌ಬಜಾರಿನ ಶೆಡ್ಡಿನಲ್ಲಿ, ಜೇಬಿಗೆ ಇಷ್ಟು ಅಂತ.
ಬಿದ್ದ ದಿನ ಕಾಲು ಪೆಡಲಿನ ಮೇಲೇ ಸೆಟೆದಿತ್ತು.
ಮಿಷನ್ನು ನಿಲ್ಲಲಿಲ್ಲ.
ಸೂಜಿ ಉಗುರು ದಾಟಿ
ಬೆರಳನ್ನು ನೀಲಿ ಬಟ್ಟೆಗೆ ಹೊಲಿದಿತ್ತು.
ಈರುಳ್ಳಿ ಮೂಸಿಸಿದರು. ಚಪ್ಪಲಿ ಹಿಡಿದರು.
ಮುಷ್ಟಿ ಬಿಡಿಸಿ ಶೆಡ್ಡಿನ ಕೀಲಿಕೈ ತುರುಕಿದರು.
ಯಾರೂ ಗಡಿಯಾರ ನೋಡಲಿಲ್ಲ.

ಅದೇ ಮೊದಲಲ್ಲ. ಅದಕ್ಕೂ ಮುಂಚೆ
ಅಪ್ಪ ಕುಡಿಸಿದ್ದು ಗುಡಿಯ ತೀರ್ಥ,
ದರ್ಗಾದಲ್ಲಿ ಊದಿ ಕೊಟ್ಟ ನೀರು, ತಾಯತ ಅದ್ದಿದ ನೀರು.
ಏಳು ವರ್ಷ.
ಮೂರನೇ ಪಂಜರದ ನೀರು ತುಂಬುವಾಗ
ಲೆಕ್ಕ ಹತ್ತಿತು ನನಗೆ.
ಬಾಟಲಿ ತುಂಬಿ, ಕೈ ಮೇಲೆ ಹರಿಯಿತು.

ಈಗ ದಿನಕ್ಕೆರಡು ಗುಳಿಗೆ. ಮೂರು ವರ್ಷವಾಯಿತು ಬಿದ್ದು.
ಗುಳಿಗೆಗೆ ಒಸಡು ಬಾತು ಹಲ್ಲಿನ ಮೇಲೆ ಇಳಿದಿದೆ,
ನಗುವಾಗ ಸೆರಗು ಅಡ್ಡ ಹಿಡಿಯುತ್ತಾಳೆ.
'ಇಲಿಗೂ ಹಿಂಗ ಬಾತಾವೇನೋ?'
ಅಷ್ಟು ದಿನ ಅವು ಇರಂಗಿಲ್ಲಕ್ಕ,
ಅನ್ನಲಿಲ್ಲ ನಾನು.
ಮಜ್ಜಿಗೆ ಬೇಡಿದೆ.

ಇವತ್ತು ನೀರಿನ ಗುಂಪು. ಬಾಲಕ್ಕೆ ಹಳದಿಯದು.
ಹದಿನೇಳು ಸೆಕೆಂಡು ಅಂದರು. ಬರೆಯಲಿಲ್ಲ.
ನನ್ನ ಕೈ ಜೇಬಿಗೆ ಹೋಗಿತ್ತು,
ಪಂಜರದ ಸಣ್ಣ ಕೀಲಿಕೈ ಹೊರಗೆ ಬಂದಿತ್ತು,
ಅಕ್ಕಿಕಾಳಿನಷ್ಟು ಬೆರಳುಗಳ ಹತ್ತಿರ
ಅದನ್ನು ಹಿಡಿದುಕೊಂಡು ನಿಂತಿದ್ದೆ.

ಮೇಡಂ ನೋಡಿದರು. ಗಡಿಯಾರ ಸೊನ್ನೆಗೆ ತಂದರು.
'ಹದಿನೇಳು,' ಅಂದರು ಮತ್ತೊಮ್ಮೆ, ಮೆಲ್ಲಗೆ.