ಉಸುಕಿನ ಸ್ಟೇಷನ್

ತೀನ್ ಕಂದೀಲಿನ ಹತ್ತಿರ ಕಟ್ಟೆಯ ಮೇಲೆ
ಸತ್ತ ರೇಡಿಯೋಗಳ ಹೊಟ್ಟೆ ಬಿಚ್ಚಿ ಕೂಡುತ್ತಿದ್ದ ಲಾಡ್ಲೆಸಾಬ
ಆ ವರ್ಷ ಬೇಸಿಗೆಗೆ
ಹೆಂಡತಿ ಕಸೂತಿ ಹಾಕುವ ಕಟ್ಟಿಗೆಯ ಬಳೆ ಕೇಳಿ ತಂದು
ಅದಕ್ಕೆ ತಾಮ್ರದ ತಂತಿ ಸುತ್ತಿದ.
ಒಂದು ಬಿದಿರು, ಎರಡು ಸೆಲ್ಲು,
ಮೇಲೆ ಸೈಕಲ್ ಟ್ಯೂಬಿನಿಂದ ಬಿಗಿದ ಟ್ರಾನ್ಸಿಸ್ಟರು.
"ಮ್ಯಾಲಿನ ಸ್ಟೇಷನ್ ಎಲ್ಲಾರೂ ಕೇಳತಾರ,
ಇದು ಕೆಳಗಿಂದು ಹಿಡಿತೈತಿ ನೋಡಪ."

ದೇವಸೂಗೂರಿಗೆ ಮೊದಲ ಬಸ್ಸು.
ಕೃಷ್ಣೆ ಬಂಡೆಗಳ ನಡುವೆ ಓಣಿ ಹುಡುಕುತ್ತಿದ್ದಳು.
ರೈಲು ಸೇತುವೆಯ ಕಂಬಗಳು ಬುಡದವರೆಗೂ ಒಣಗಿ
ಪಾಚಿಯ ಗೆರೆ ನನ್ನ ತಲೆಗಿಂತ ಎರಡಾಳು ಮೇಲೆ.
ನನಗೆ ಹನ್ನೊಂದು ವರ್ಷ. ಕೈಯಲ್ಲಿ ಕುರಪಿ.
ಪಗಾರ: ಸಿಕ್ಕಿದ್ದರಲ್ಲಿ ಹತ್ತಕ್ಕೆ ಒಂದು,
ಜೊತೆಗೆ ಎರಡು ಮಿರ್ಚಿ.

ಟ್ರಾನ್ಸಿಸ್ಟರಿನೊಳಗೆ ಹೆಣ್ಣುದನಿಯೊಂದು
ಪೇಟೆ ಧಾರಣೆ ಓದುತ್ತಿತ್ತು, ತೊಗರಿ, ಸಜ್ಜೆ, ಶೇಂಗಾ.
ಆ ದನಿಯ ಬೆನ್ನಿಗೆ ಅಂಟಿಕೊಂಡು ಸಣ್ಣದೊಂದು ಸಿಳ್ಳು.
ಕಬ್ಬಿಣ ಬಂದರೆ ಕುಗ್ಗಿ ಗೊಗ್ಗರಾಗುತ್ತಿತ್ತು,
ಬೆಳ್ಳಿ ತಾಮ್ರ ಬಂದರೆ ಏರಿ, ಏರಿ,
ಕ್ವಿಂಟಾಲ್ ತೊಗರಿಯನ್ನೂ ದಾಟಿ ಹೋಗುತ್ತಿತ್ತು.

ಲಾರಿಯ ಬೋಲ್ಟು. ಸೋಡಾ ಬಿರಡೆ.
ಆರು ಮೂಲೆಯ ಇಪ್ಪತ್ತು ಪೈಸೆಗಳು,
ರೈಲಿನ ಕಿಟಕಿಯಿಂದ ಬಿದ್ದವು.
ಮಗ ಪಾಸಾಗಲೆಂದು ಎಸೆದದ್ದು ಯಾವುದು,
ಮಗನೇ ಆಗಲೆಂದು ಎಸೆದದ್ದು ಯಾವುದು,
ಮುಂಬಯಿಯಿಂದ ಮದ್ರಾಸಿಗೆ ಹೊರಟವನೊಬ್ಬ
ಪಕ್ಕದವರು ಎಸೆದರೆಂದು ಸುಮ್ಮನೆ ಎಸೆದದ್ದು ಯಾವುದು,
ಸಿಳ್ಳು ಹೇಳುತ್ತಿರಲಿಲ್ಲ.

ಒಂದು ಹಾಲಿ ರೊಕ್ಕ ಸಿಕ್ಕಿತು, ಹಸಿರುಗಟ್ಟಿದ್ದು.
ಉಗುಳಿ ಲುಂಗಿಗೆ ತಿಕ್ಕಿದರೆ
ಚಾರ್ಮಿನಾರಿನ ಬಾಗಿಲು ತೆರೆಯಿತು.
"ಇದು ನಡಿಯೂವಾಗ ನಮ್ಮಪ್ಪ
ಕೋಟಿಯಾಗ ಕುದುರಿಗೆ ಹುಲ್ಲು ಹಾಕತಿದ್ದ" ಅಂದವನು
ಅದನ್ನು ಕಿವಿಗೆ ಹಿಡಿದು ಸ್ವಲ್ಪ ಹೊತ್ತು ಕೂತ.
ರಿಪೇರಿಯವನ ಅಭ್ಯಾಸ.

ಬಿಸಿಲು ಏರಿತು.
ಬಟ್ಟೆ ಒಗೆಯುವ ಬಂಡೆಗಳನ್ನು ದಾಟಿ
ಯಾರೂ ಮೀಯದ ಒಂದು ಮಡುವಿನ ದಂಡೆ.
ಅಲ್ಲಿ ಸಿಳ್ಳು ಇಳಿಯಲೇ ಇಲ್ಲ.
ಅಗೆದೆ. ಕಾಲುಂಗುರ.
ಅಗೆದೆ. ಕಾಲುಂಗುರ, ಮೀನು ಕೊರೆದದ್ದು.
ಹಸಿರು ಬಳೆಯ ಚೂರು, ಚೂರು, ಮತ್ತೆ ಕಾಲುಂಗುರ.
ಒಂದಂತೂ ಎಷ್ಟು ಸಣ್ಣದೆಂದರೆ
ನನ್ನ ಕಿರುಬೆರಳಿಗೂ ಹೋಗಲಿಲ್ಲ.
ಹದಿನೇಳು! ಕುಣಿದೆ.
ಹತ್ತಕ್ಕೆ ಒಂದೆಂದರೆ ಒಂದೂ ಮುಕ್ಕಾಲು, ಲೆಕ್ಕ ಹಾಕಿದೆ.

ಲಾಡ್ಲೆಸಾಬ ರೇಡಿಯೋ ಆರಿಸಿದ.
ಅಷ್ಟು ಹೊತ್ತು ಕೇಳಿಸದಿದ್ದ ಹೊಳೆ ಕೇಳಿಸಿತು.
"ಕಳದದ್ದು ಹುಡುಕಾಕ ಬಂದೀವಿ ನಾವು.
ಇವು ಕಳದಿಲ್ಲ.
ಬಿಟ್ಟು ಹೋಗ್ಯಾರ."

ಬಿಟ್ಟರೇನು, ಕಳೆದರೇನು, ಬೆಳ್ಳಿಯ ತೂಕ ಒಂದೇ
ಅಂದುಕೊಂಡೆ. ಹೇಳಲಿಲ್ಲ.
ಕುರಪಿ ಇಸಿದುಕೊಂಡು ಮಂಡಿಯೂರಿ
ಒಂದೊಂದನ್ನೂ ಅದದರ ಕುಣಿಯಲ್ಲೇ ಮುಚ್ಚಿದ,
ಬಿಚ್ಚಿದ ಸ್ಕ್ರೂಗಳನ್ನು
ಅವವುಗಳ ತೂತಿಗೇ ಹಾಕುವವನ ಹಾಗೆ.
ಸಣ್ಣದರ ಕುಣಿಯ ಮುಂದೆ ತಡೆದ.
ನನ್ನ ಕಡೆ ನೋಡಲಿಲ್ಲ.
ಬರಿಯ ಉಸುಕನ್ನೇ ಮುಚ್ಚಿ, ಮೇಲೆ ಅಂಗೈ ತಟ್ಟಿದ.

ನನ್ನ ನಾಲಗೆಯ ಕೆಳಗೆ ಅದು ತಣ್ಣಗಿತ್ತು,
ಮಿರ್ಚಿ ತಿನ್ನಲು ಬಾಯಿ ತೆರೆಯಲಿಲ್ಲ.

ಈಗ ಅದು ಬೀಗದ ಕೈ ಗೊಂಚಲಿನಲ್ಲಿದೆ.
ರಾಯಚೂರು ಸ್ಟೇಷನ್ನಿನ ಬಾಗಿಲಲ್ಲಿ
ಪೊಲೀಸನ ಕೈಯ ಕೋಲು ನನ್ನ ಜೇಬಿನ ಹತ್ತಿರ
ಅದೇ ಏರುದನಿ ತೆಗೆಯುತ್ತದೆ.
"ಏನ್ರೀ ಅದು?"
ಚಿಲ್ಲರೆ, ಅನ್ನುತ್ತೇನೆ.

ಯಾದಗಿರಿಯ ಕಡೆ ರೈಲು ಹೊರಟು
ಸೇತುವೆಯ ಮೇಲೆ ಸದ್ದು ಬದಲಾಗುವಾಗ
ಬೋಗಿಯ ತುಂಬ ಕೈಗಳು ಕಿಟಕಿಗೆ ಏಳುತ್ತವೆ. ನನ್ನದೂ.
ಎಸೆದರೆ ಕಳೆದಂತೆ ಆಗಬಾರದು,
ಬಿಟ್ಟಂತೆ ಆಗಬೇಕು.
ಅದು ಹೇಗೆಂದು ಬೆರಳಿಗೆ ತಿಳಿಯುವಷ್ಟರಲ್ಲಿ
ಸೇತುವೆ ಮುಗಿದಿರುತ್ತದೆ.